ಮುಳ್ಳು ಕೆಂಪಿಗೆ ತಾಗಿದಾಗ: ಓದುಗರ ಪ್ರಶ್ನೆ, ರೇಡಿಯೊ ರಿಪೇರಿಯವನ ಉತ್ತರ

ಕಿಂಗ್ ಕ್ರಿಮ್ಸನ್ ಎಂಬ ಇಂಗ್ಲೆಂಡಿನ ಪ್ರೊಗ್ರೆಸಿವ್ ರಾಕ್ ತಂಡದ 'ರೆಡ್' ಆಲ್ಬಂ ನನಗೆ ತುಂಬಾ ಹತ್ತಿರದ್ದು ಎಂದು ಕಳೆದ ತಿಂಗಳು ಈ ಅಂಕಣದಲ್ಲಿ ಒಂದೇ ಒಂದು ಸಾಲು ಬರೆದಿದ್ದೆ. ಟೇಪ್ ರೆಕಾರ್ಡರ್, ರೇಡಿಯೊ, ಹಳೆಯ ಹಾಡುಗಳ ಬಗ್ಗೆ ಕೇಳುತ್ತಿದ್ದವರೆಲ್ಲ ಈ ಸಲ ಅದನ್ನೇ ಹಿಡಿದುಕೊಂಡಿದ್ದಾರೆ. ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡು ಪುಟವನ್ನು ಪೂರ್ತಿಯಾಗಿ ಆ ಆಲ್ಬಮಿಗೇ ಬಿಟ್ಟಿದ್ದೇನೆ. ಮಿಕ್ಸಿ ಮತ್ತು ಸ್ಟೆಬಿಲೈಸರ್ ಬಗ್ಗೆ ಕೇಳಿದವರು ಒಂದು ತಿಂಗಳು ತಾಳಿಕೊಳ್ಳಬೇಕು.

ಸರ್, ಈ ತಂಡದ 1969ರ ಮೊದಲ ಆಲ್ಬಂ ಕೇಳಿ ಮರುಳಾದವನು ನಾನು. ಅದರಲ್ಲಿ ಕೊಳಲಿದೆ, ಅರಮನೆಯಿದೆ, ಕಥೆಯಿದೆ. ನೀವು ಹೊಗಳಿದಿರೆಂದು 1974ರ 'ರೆಡ್' ಕೇಳಿದೆ. ಬರೀ ಕತ್ತಲೆ, ಗದ್ದಲ, ಸಿಟ್ಟು. ಇದನ್ನು ಎಲ್ಲರೂ ಪ್ರಬುದ್ಧ ಕೃತಿ ಎನ್ನುತ್ತಾರೆ. ಪ್ರಬುದ್ಧರಾಗುವುದೆಂದರೆ ಕೊಳಲನ್ನು ಬಿಡುವುದೇ?
— ಇಂಜಿನಿಯರಿಂಗ್ ವಿದ್ಯಾರ್ಥಿ, ವಿದ್ಯಾನಗರ, ದಾವಣಗೆರೆ

ತಮ್ಮಾ, ನೀನು ಮರುಳಾದ ಆ ಕೊಳಲನ್ನು ನುಡಿಸಿದವರು ಇಯಾನ್ ಮೆಕ್‌ಡೊನಾಲ್ಡ್. ಅವರು 'ರೆಡ್'ನಲ್ಲೂ ಇದ್ದಾರೆ. ಅತಿಥಿಯಾಗಿ ಬಂದು ಆಲ್ಟೊ ಸ್ಯಾಕ್ಸೊಫೋನ್ ನುಡಿಸಿದ್ದಾರೆ. ಮನುಷ್ಯ ಅವರೇ, ಉಸಿರು ಅವರದೇ, ವಾದ್ಯ ಬೇರೆ. ಇನ್ನೊಮ್ಮೆ ಕೇಳುವಾಗ ಇದೊಂದು ನೆನಪಿರಲಿ.

ನನಗೆ ಈ ಆಲ್ಬಂ ಸಿಕ್ಕಿದ್ದು 1986ರಲ್ಲಿ. ಆಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಅಶೋಕ ಟಾಕೀಸಿನ ರೈಲ್ವೆ ಗೇಟಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ನನ್ನ ರಿಪೇರಿ ಅಂಗಡಿ. ಹಡಗಿನ ಕೆಲಸದಲ್ಲಿದ್ದ ಹರಿಹರದವರೊಬ್ಬರು ಜಪಾನಿನ ಕ್ಯಾಸೆಟ್ ಡೆಕ್ ತಂದಿಟ್ಟು, ಎಡಗಡೆಯ ಧ್ವನಿ ಮಂಕಾಗಿದೆ, ನೋಡಿ ಎಂದು ಹೇಳಿ ಹೋದರು. ಒಳಗೇ ಒಂದು ಕ್ಯಾಸೆಟ್ ಉಳಿದಿತ್ತು. ಅದರ ಮೇಲೆ ನೀಲಿ ಶಾಯಿಯಲ್ಲಿ 'ರೆಡ್' ಎಂದಷ್ಟೇ ಬರೆದಿತ್ತು. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ, ಟೇಪನ್ನು ಓದುವ ಹೆಡ್ ಒರೆಸಿದೆ. ಕಂದು ಪುಡಿ ಹತ್ತಿಗೆ ಹತ್ತಿಕೊಂಡು ಬಂತು. ಹೆಡ್ಡಿನ ಪಕ್ಕದ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ಗುಂಡಿ ಒತ್ತಿದೆ. ಧ್ವನಿಯ ಮಟ್ಟ ತೋರಿಸುವ ಎರಡೂ ಮೀಟರುಗಳ ಮುಳ್ಳು ಒಮ್ಮೆಲೇ ಎದ್ದು, ಸೊನ್ನೆಯನ್ನು ದಾಟಿ, ಕೆಂಪು ಪಟ್ಟಿಗೆ ಹೋಗಿ ಅಲ್ಲೇ ನಡುಗುತ್ತ ನಿಂತವು. ರಿಪೇರಿಯವನಿಗೆ ಮುಳ್ಳು ಕೆಂಪಿನಲ್ಲಿ ನಿಂತರೆ ಎದೆ ಧಸಕ್ಕೆನ್ನುತ್ತದೆ. ಅಲ್ಲಿಂದಾಚೆ ಧ್ವನಿ ಒಡೆಯುತ್ತದೆ, ಸ್ಪೀಕರಿನ ಕಾಗದ ಹರಿಯುತ್ತದೆ. ಡೆಕ್ ಹಾಳಾಯಿತೆಂದುಕೊಂಡು ಆ ಕ್ಯಾಸೆಟ್ ತೆಗೆದು ಭಾವಗೀತೆಯದೊಂದು ಹಾಕಿದೆ. ಮುಳ್ಳುಗಳು ತಮ್ಮ ಜಾಗದಲ್ಲಿ ಸೌಮ್ಯವಾಗಿ ಆಡತೊಡಗಿದವು. ಡೆಕ್ ಸರಿಯಾಗಿಯೇ ಇತ್ತು. ಕೆಂಪಿನಲ್ಲಿದ್ದದ್ದು ಆ ಸಂಗೀತ.

ಎಷ್ಟೋ ವರ್ಷಗಳ ನಂತರ ಆಲ್ಬಮಿನ ಹೊದಿಕೆಯನ್ನು ಮೊದಲ ಸಲ ಕೈಯಲ್ಲಿ ಹಿಡಿದು ತಿರುಗಿಸಿದೆ. ಹಿಂಬದಿಯಲ್ಲಿ ಒಂದು ಮೀಟರು, ಮುಳ್ಳು ಕೆಂಪಿನಲ್ಲಿ. ನನ್ನ ಬೆಂಚಿನ ಮೇಲೆ ನಡೆದದ್ದನ್ನೇ ಅವರು ಹನ್ನೆರಡು ವರ್ಷ ಮೊದಲೇ ಅಚ್ಚು ಹಾಕಿಸಿದ್ದರು! ಮುಂಬದಿಯಲ್ಲಿ ಕಪ್ಪು ಹಿನ್ನೆಲೆ, ಮೂವರ ಮುಖ, ಅರ್ಧ ಬೆಳಕು, ಅರ್ಧ ನೆರಳು. ನಿನ್ನ 1969ರ ಆಲ್ಬಮಿನ ಹೊದಿಕೆ ಬಾಯಿ ತೆರೆದು ಚೀರುವ ಬಣ್ಣದ ಮುಖ. ಐದು ವರ್ಷಗಳಲ್ಲಿ ಬಣ್ಣವೂ ಹೋಯಿತು, ಚೀರಾಟವೂ ಹೋಯಿತು.

ನಮ್ಮದು ನಾಟಕ ಕಂಪನಿಗಳ ಊರು, ಆದ್ದರಿಂದ ನಿನಗೆ ಹೀಗೆ ಹೇಳಿದರೆ ಬೇಗ ಹತ್ತಬಹುದು. ಮೊದಲ ಆಲ್ಬಂ ಪೌರಾಣಿಕ ನಾಟಕ. ಪೀಟರ್ ಸಿನ್‌ಫೀಲ್ಡ್ ಬರೆದ ಸಾಹಿತ್ಯದಲ್ಲಿ ರಾಜನ ಆಸ್ಥಾನವಿದೆ, ರಾಣಿಯಿದ್ದಾಳೆ, ವಿದೂಷಕನಿದ್ದಾನೆ. ಪರದೆ ಎದ್ದರೆ ಕಣ್ಣು ಕೋರೈಸುವ ಜರಿ, ಕಿರೀಟ. 'ರೆಡ್' ಸಾಮಾಜಿಕ ನಾಟಕ. ಅಂಗಿ ತೊಟ್ಟ ಮನುಷ್ಯನೊಬ್ಬ ಒಂದೇ ಬಲ್ಬಿನ ಕೆಳಗೆ ನಿಂತಿದ್ದಾನೆ. ಇದರ ಸಾಹಿತ್ಯದಲ್ಲಿ ರಿಚರ್ಡ್ ಪಾಮರ್-ಜೇಮ್ಸ್ ಅವರ ಪಾಲಿದೆ. 'ಫಾಲನ್ ಏಂಜೆಲ್'ನಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ ಚೂರಿ ಇರಿತಕ್ಕೆ ಸಿಕ್ಕಿ ಸತ್ತ ತಮ್ಮನಿಗಾಗಿ ಅಣ್ಣ ಹಾಡುತ್ತಾನೆ. 'ಒನ್ ಮೋರ್ ರೆಡ್ ನೈಟ್‌ಮೇರ್'ನಲ್ಲಿ ವಿಮಾನ ಬೀಳುತ್ತಿದೆಯೆಂದು ಒಬ್ಬ ನಡುಗುತ್ತಾನೆ. ಎಚ್ಚರವಾದಾಗ ನೋಡಿದರೆ ಬಸ್ಸಿನಲ್ಲಿ ಕುಳಿತಿದ್ದಾನೆ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವಾಗ ತುಮಕೂರಿನ ಹತ್ತಿರ ಹಾಗೆ ಬೆಚ್ಚಿ ಎದ್ದವರು ನಮ್ಮಲ್ಲಿ ಎಷ್ಟು ಜನ ಇಲ್ಲ!

ಗದ್ದಲವೆಂದೆ. ಎರಡನೆಯ ಹಾಡನ್ನು ಮತ್ತೆ ಕೇಳು. 'ಫಾಲನ್ ಏಂಜೆಲ್'ನಲ್ಲಿ ರಾಬಿನ್ ಮಿಲ್ಲರ್ ಅವರ ಓಬೊ, ಮಾರ್ಕ್ ಚಾರಿಗ್ ಅವರ ತುತ್ತೂರಿಯಂಥ ಕಾರ್ನೆಟ್ ಇವೆ. ಓಬೊ ಎಂದರೆ ನಮ್ಮ ಶಹನಾಯಿಯಂತೆ ಪೀಪಿಯಲ್ಲಿ ಊದುವ ಜೋಡಿ ರೀಡಿನ ವಾದ್ಯ. ನಿನ್ನ ಕೊಳಲು ಹಿಡಿದಿದ್ದ ಜಾಗವನ್ನು ಅದು ಹಿಡಿದುಕೊಂಡಿದೆ, ಆದರೆ ಅಲಂಕಾರಕ್ಕಾಗಿ ಅಲ್ಲ. ಸತ್ತವನ ನೆನಪು ಬಂದಾಗ ಮಾತ್ರ ಬಂದು, ಸಿಟ್ಟು ಬಂದಾಗ ಸರಿದು ನಿಲ್ಲುತ್ತದೆ. ನನ್ನ ಮಟ್ಟಿಗೆ ಪ್ರಬುದ್ಧತೆ ಎಂದರೆ ಅಲ್ಲಿ ಕಾಣುವುದು: ಇರುವುದನ್ನೆಲ್ಲ ಬಳಸದೆ, ಬೇಕಾದ ಗಳಿಗೆಗೆ ಕಾದು ಬಳಸುವುದು. 1972ರಲ್ಲಿ ಈ ತಂಡದಲ್ಲಿ ಐವರಿದ್ದರು. 'ರೆಡ್' ಹೊತ್ತಿಗೆ ಉಳಿದವರು ಮೂವರು: ಗಿಟಾರಿನ ರಾಬರ್ಟ್ ಫ್ರಿಪ್, ಬಾಸ್ ಗಿಟಾರ್ ಮತ್ತು ಹಾಡುಗಾರಿಕೆಯ ಜಾನ್ ವೆಟನ್, ಡ್ರಮ್ಸಿನ ಬಿಲ್ ಬ್ರೂಫರ್ಡ್. ಅತಿಥಿಗಳೂ ಬಂದರು, ಆದರೆ ಮನೆ ನಿಂತದ್ದು ಈ ಮೂರು ಕಂಬಗಳ ಮೇಲೆ.

ಮೊದಲ ಆಲ್ಬಂ ಬಿಡು ಎಂದು ನಾನು ಹೇಳುವುದಿಲ್ಲ. ಅದು ಈಗಲೂ ನನ್ನ ಕಪಾಟಿನಲ್ಲಿದೆ.

ನಾನು ಮೃದಂಗ ಕಲಿಸುವವನು. ನನ್ನ ಶಿಷ್ಯನೊಬ್ಬ ಈ ಆಲ್ಬಮಿನ 'ಸ್ಟಾರ್‌ಲೆಸ್' ಎಂಬ ಹಾಡು ಕೇಳಿಸಿ, ನಡುವಿನ ಭಾಗಕ್ಕೆ ತಾಳ ಹಾಕಿ ಗುರುಗಳೇ ಎಂದ. ಆದಿ ತಾಳದಲ್ಲಿ ಹಾಕಿದೆ, ಕೂಡಲಿಲ್ಲ, ಝಂಪೆಯಲ್ಲೂ ಕೂಡಲಿಲ್ಲ. ಶಿಷ್ಯನೆದುರು ಕೈ ನಿಂತುಹೋಯಿತು. ಏನದು?
— ಸಂಗೀತ ಶಿಕ್ಷಕರು, ಚಿತ್ರದುರ್ಗ

ಗುರುಗಳೇ, ನಿಮ್ಮ ಕೈ ನಿಂತದ್ದು ತಪ್ಪಲ್ಲ. ಅದು ಹದಿಮೂರು ಎಣಿಕೆಯ ಆವರ್ತ. ನಿಮ್ಮ ಮೂವತ್ತೈದು ತಾಳಗಳಲ್ಲಿ ಅದಕ್ಕೊಂದು ಮನೆಯಿದೆ: ಸಂಕೀರ್ಣ ಜಾತಿ ತ್ರಿಪುಟ, ಒಂಬತ್ತು, ಎರಡು, ಎರಡು, ಒಟ್ಟು ಹದಿಮೂರು ಅಕ್ಷರ. ಲೆಕ್ಕ ಕೂಡುತ್ತದೆ, ಸಮಕ್ಕೆ ಬಂದು ಸೇರುತ್ತೀರಿ. ಆದರೆ ಅವರ ಒತ್ತುಗಳು ನಿಮ್ಮ ಲಘು ದ್ರುತಗಳ ಮೇಲೆಯೇ ಬೀಳಬೇಕೆಂದು ನಿರೀಕ್ಷಿಸಬೇಡಿ. ಅವರು ತ್ರಿಪುಟವನ್ನು ಕಲಿತು ಮಾಡಿದ್ದಲ್ಲ. ಬಾಸ್ ಗಿಟಾರಿನ ಆ ಸಾಲನ್ನು ಕಟ್ಟಿದವರು ಡ್ರಮ್ಸ್ ನುಡಿಸುವ ಬ್ರೂಫರ್ಡ್. ಲಯಗಾರ ಕಟ್ಟಿದ ಸಾಲು ಎನ್ನುವುದು ಅದರ ನಡಿಗೆಯಲ್ಲೇ ಗೊತ್ತಾಗುತ್ತದೆ, ನಿಮ್ಮ ಕಿವಿಗೆ ಇನ್ನೂ ಚೆನ್ನಾಗಿ ಗೊತ್ತಾದೀತು.

ಈ ಹಾಡಿನ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಸಂಪಾದಕರು ತಡೆಯದಿದ್ದರೆ. ಹನ್ನೆರಡು ನಿಮಿಷ ಚಿಲ್ಲರೆಯ ಹಾಡು. ಮೊದಲು ಮೆಲೊಟ್ರಾನ್ ಬರುತ್ತದೆ. ಅದು ನನ್ನಂಥ ಟೇಪಿನವರ ಪಾಲಿಗೆ ದೇವರಿದ್ದ ಹಾಗೆ. ನೋಡಲು ಹಾರ್ಮೋನಿಯಂ ತರಹದ ಕೀಲಿಮಣೆ. ಎಂ400 ಎಂಬ ಮಾದರಿಯಲ್ಲಿ 35 ಕೀಲಿಗಳು. ಪ್ರತಿ ಕೀಲಿಯ ಕೆಳಗೆ ಒಂದೊಂದು ಟೇಪಿನ ಪಟ್ಟಿ, ಅದರಲ್ಲಿ ಪಿಟೀಲುಗಳ ಆ ಒಂದು ಸ್ವರದ ಧ್ವನಿಮುದ್ರಣ. ಕೀಲಿ ಒತ್ತಿದರೆ ಟೇಪು ಹೆಡ್ಡಿನ ಮೇಲೆ ಹರಿಯುತ್ತದೆ, ಎಂಟು ಸೆಕೆಂಡಿನಷ್ಟು. ಬಿಟ್ಟರೆ ಸ್ಪ್ರಿಂಗ್ ಅದನ್ನು ಹಿಂದಕ್ಕೆಳೆಯುತ್ತದೆ. ಸ್ವರ ಎಂಟು ಸೆಕೆಂಡಿಗಿಂತ ಉದ್ದ ನಿಲ್ಲಲಾರದು. ಟೇಪಿನ ಆ ಸಣ್ಣ ಅಲುಗಾಟದಿಂದಲೇ ಅದರ ಪಿಟೀಲಿಗೆ ಮುದುಕರ ಧ್ವನಿಯ ಕಂಪನ ಬಂದಿದೆ.

ಅದರ ಮೇಲೆ ಗಿಟಾರಿನ ರಾಗ. ವೇದಿಕೆಯ ಮೇಲೆ ಈ ರಾಗವನ್ನು ನುಡಿಸುತ್ತಿದ್ದದ್ದು ಪಿಟೀಲಿನ ಡೇವಿಡ್ ಕ್ರಾಸ್. ಅಮೆರಿಕದ ಪ್ರವಾಸ 1974ರ ಜುಲೈ 1ರಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಕಛೇರಿಯೊಂದಿಗೆ ಮುಗಿಯಿತು, ಕ್ರಾಸ್ ತಂಡದಿಂದ ಹೊರಗಾದರು. ಅವರ ರಾಗ ಉಳಿಯಿತು, ಗಿಟಾರಿಗೆ ಹೋಯಿತು. ಹಾಡಿನ ಕರ್ತೃಗಳ ಪಟ್ಟಿಯಲ್ಲಿ ಅವರ ಹೆಸರೂ ಉಳಿದಿದೆ. ಈ ಹಾಡನ್ನು ವೆಟನ್ ಮೊದಲು ತಂದಾಗ ಫ್ರಿಪ್ ಮತ್ತು ಬ್ರೂಫರ್ಡ್ ಅವರಿಗೆ ಹಿಡಿಸಿರಲಿಲ್ಲ ಎಂಬುದನ್ನೂ ಹೇಳಬೇಕು. ಬೇಡವೆಂದು ಪಕ್ಕಕ್ಕಿಟ್ಟಿದ್ದೇ ಕೊನೆಗೆ ಆಲ್ಬಮಿನ ಕಳಶವಾಯಿತು.

ವೆಟನ್ ಹಾಡಿ ಮುಗಿಸಿದ ಮೇಲೆ, ನಾಲ್ಕೂವರೆ ನಿಮಿಷದ ಸುಮಾರಿಗೆ, ನಿಮ್ಮ ಹದಿಮೂರು ಶುರು. ಬಾಸ್ ಒಂದೇ ಸಾಲನ್ನು ತಿರುಗಿಸುತ್ತದೆ. ಫ್ರಿಪ್ ಒಂದು ಸ್ವರವನ್ನು ಹಿಡಿಯುತ್ತಾರೆ. ಪಕ್ಕಪಕ್ಕದ ಎರಡು ತಂತಿಗಳ ಮೇಲೆ ಅದೇ ಸ್ವರ, ಮತ್ತೆ ಅದೇ, ಮತ್ತೆ ಅದೇ. ಆರೋಹವಿಲ್ಲ, ಗಮಕವಿಲ್ಲ. ಬಹಳ ಹೊತ್ತಿನ ಮೇಲೆ ಒಂದು ಮೆಟ್ಟಿಲು ಮೇಲೆ. ಬ್ರೂಫರ್ಡ್ ಮೊದಲು ಬರೀ ಟಕ್ ಟಕ್ ಎನ್ನಿಸುತ್ತ ಕಾಯುತ್ತಾರೆ. ಕೈ ತುಂಬಾ ಕೆಲಸವಿರುವ ವಾದಕ ಕೈಕಟ್ಟಿ ಕುಳಿತ ಹಾಗೆ. ನಾಲ್ಕು ನಿಮಿಷಕ್ಕೂ ಹೆಚ್ಚು ಹೊತ್ತು ಹೀಗೆ. ತನಿ ಆವರ್ತನದಲ್ಲಿ ಕೋರ್ವೆ ಬರುತ್ತದೆ, ಬರುತ್ತದೆ ಎಂದು ಸಭೆ ಉಸಿರು ಹಿಡಿದು ಕೂರುತ್ತದಲ್ಲ, ಆ ಕ್ಷಣವನ್ನು ನಾಲ್ಕು ನಿಮಿಷಕ್ಕೆ ಎಳೆದು ನೋಡಿ.

ಅದೇ 1986ರ ಮಳೆಗಾಲ. ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಈ ಭಾಗವನ್ನು ಕೇಳುತ್ತಿದ್ದೆ. ಗಿಟಾರಿನ ಸ್ವರ ಮೂರು ನಾಲ್ಕು ಮೆಟ್ಟಿಲು ಏರಿತ್ತು. ಕರೆಂಟು ಹೋಯಿತು. ಮೋಟಾರು ನಿಧಾನವಾಗಿ ಸೋತು, ಆ ಸ್ವರ ಕೆಳಗೆ ಕೆಳಗೆ ಜಾರಿ, ಗಂಟಲಿನ ನರಳಿಕೆಯಾಗಿ, ಆರಿತು. ಬೆಂಚು ಕಾಣಿಸಲಿಲ್ಲ, ನನ್ನ ಕೈಯೂ ಕಾಣಿಸಲಿಲ್ಲ. ಗೇಟು ಹಾಕಿತ್ತು, ರೈಲು ದಾಟಿಹೋಯಿತು, ಕೂಗಿತು. ನನ್ನ ತಲೆಯೊಳಗೆ ಮಾತ್ರ ಆ ಸ್ವರ ನಿಂತಿರಲಿಲ್ಲ. ಹದಿಮೂರನ್ನು ಬೆರಳಿನಲ್ಲಿ ಎಣಿಸುತ್ತ ಕತ್ತಲೆಯಲ್ಲೇ ಕುಳಿತೆ. ಅರ್ಧ ಗಂಟೆಯ ಮೇಲೆ ಕರೆಂಟು ಬಂತು. ಗುಂಡಿ ಒತ್ತಿದಂತೆಯೇ ಇತ್ತಲ್ಲ, ಮೋಟಾರು ಎದ್ದಿತು, ಸ್ವರ ಆಳದಿಂದ ಮೇಲೆದ್ದು ಬಂದು ತನ್ನ ಜಾಗದಲ್ಲಿ ನಿಂತು, ಏನೂ ಆಗದ ಹಾಗೆ ಮುಂದುವರಿಯಿತು. ಅಂದು ಮನೆಗೆ ಹೋಗುವುದು ತಡವಾಯಿತು.

ಒಂಬತ್ತನೆಯ ನಿಮಿಷದ ಹೊತ್ತಿಗೆ ಕಟ್ಟೆ ಒಡೆಯುತ್ತದೆ. ಹದಿಮೂರು ಅದೇ, ಕಾಲ ಎರಡನೆಯದು, ಇಮ್ಮಡಿ ವೇಗ. ಸ್ಯಾಕ್ಸೊಫೋನು ನುಗ್ಗುತ್ತದೆ. ಎಲ್ಲ ಮುಗಿಯುವ ಮುನ್ನ ಮೊದಲಿನ ರಾಗ ಮತ್ತೆ ಬರುತ್ತದೆ, ಈ ಸಲ ಎಲ್ಲರೂ ಸೇರಿ. ನಿಮ್ಮ ಶಿಷ್ಯನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೃದಂಗ ಮುಟ್ಟದೆ ಬರೀ ಕೈಯಲ್ಲಿ ತಾಳ ಹಾಕುತ್ತ ಒಮ್ಮೆ ಪೂರ್ತಿ ಕೇಳಿ. ಹುಡುಗನಿಗೆ ಕಿವಿಯಿದೆ, ಅವನನ್ನು ಬಿಡಬೇಡಿ.

ಅಣ್ಣ, ನನ್ನ ಮಗ ದಿನಾ ರಾತ್ರಿ ದೀಪ ಆರಿಸಿಕೊಂಡು ಇದೇ ಆಲ್ಬಂ ಕೇಳುತ್ತಾನೆ. ನಿಮ್ಮ ಅಂಕಣ ತೋರಿಸಿ, ನೋಡಮ್ಮಾ ಇವರೂ ಕೇಳುತ್ತಾರೆ ಎನ್ನುತ್ತಾನೆ. ಇಷ್ಟು ಕತ್ತಲೆಯ ಹಾಡು ಮನಸ್ಸನ್ನು ಕೆಡಿಸುವುದಿಲ್ಲವೇ? ಹೆದರಿಕೆಯಾಗುತ್ತದೆ.
— ತಾಯಿ, ನಿಟ್ಟುವಳ್ಳಿ, ದಾವಣಗೆರೆ

ತಂಗೀ, ಹಾಡನ್ನು ನೋಡಿ ಹೆದರಬೇಡ, ಹುಡುಗನನ್ನು ನೋಡು. ಊಟ ಸೇರುತ್ತಿದೆಯೇ, ನಿದ್ದೆ ಬರುತ್ತಿದೆಯೇ, ಗೆಳೆಯರೊಂದಿಗೆ ಓಡಾಡುತ್ತಾನೆಯೇ, ಕಾಲೇಜಿಗೆ ಹೋಗುತ್ತಾನೆಯೇ? ಇವೆಲ್ಲ ಮೊದಲಿನಂತಿದ್ದರೆ ಅವನು ಕೇಳುತ್ತಿರುವುದು ಸಂಗೀತ, ಅಷ್ಟೇ. ಇವು ಬಿಟ್ಟುಹೋಗಿದ್ದರೆ, ಬದುಕು ಬೇಡವೆಂಬ ಮಾತು ಬಂದಿದ್ದರೆ, ಹಾಡಿನ ವಿಚಾರವನ್ನು ಪಕ್ಕಕ್ಕಿಟ್ಟು ತಡಮಾಡದೆ ಮನೋವೈದ್ಯರಲ್ಲಿಗೆ ಕರೆದುಕೊಂಡು ಹೋಗು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ.

ನಮ್ಮ ತಾಯಿ ಹರಿಶ್ಚಂದ್ರ ನಾಟಕಕ್ಕೆ ಹೋಗಿ, ಸ್ಮಶಾನದಲ್ಲಿ ಚಂದ್ರಮತಿ ಮಗನ ಹೆಣ ಹೊತ್ತು ಬರುವ ದೃಶ್ಯಕ್ಕೆ ಸೆರಗು ತೋಯುವಷ್ಟು ಅಳುತ್ತಿದ್ದರು. ನಸುಕಿಗೆ ಮನೆಗೆ ಬಂದು ಒಲೆ ಹಚ್ಚಿ, ಅಪ್ಪ ಹತ್ತಿ ಗಿರಣಿಯ ಮೊದಲ ಪಾಳಿಗೆ ಹೊರಡುವ ಮೊದಲು ರೊಟ್ಟಿ ಬಡಿದು ಕಟ್ಟಿಕೊಡುತ್ತಿದ್ದರು. ಅಳುವುದಕ್ಕೆ ಒಂದು ಜಾಗ ಬೇಕಿತ್ತು, ಅದು ನಾಟಕದಲ್ಲಿ ಸಿಗುತ್ತಿತ್ತು. ಒಂದು ರಾತ್ರಿ ನೀನೂ ಮಗನ ಪಕ್ಕದಲ್ಲಿ ಕೂತು 'ಫಾಲನ್ ಏಂಜೆಲ್' ಕೇಳು. ಅದರಲ್ಲಿ ಏನಿದೆಯೆಂದು ಅವನನ್ನೇ ಕೇಳು, ಅವನು ಹೇಳುತ್ತಾನೆ. ಏನು ಹೇಳಿದನೆಂದು ನನಗೆ ಬರೆದು ತಿಳಿಸಿದರೆ ಸಂತೋಷ.

ಆಲ್ಬಂ ಬರುವ ಮೊದಲೇ ತಂಡ ಒಡೆದಿತ್ತಂತೆ. ಒಡೆಯುವ ನೋವೇ ಆ ಕತ್ತಲೆಗೆ ಕಾರಣವಲ್ಲವೇ?
— ನಿವೃತ್ತ ಬ್ಯಾಂಕ್ ನೌಕರ, ಚಿತ್ರದುರ್ಗ

ಒಡೆದದ್ದು ನಿಜ. ಧ್ವನಿಮುದ್ರಣ ನಡೆದದ್ದು ಲಂಡನ್ನಿನ ಒಲಿಂಪಿಕ್ ಸ್ಟುಡಿಯೊದಲ್ಲಿ, 1974ರ ಜುಲೈ ಮತ್ತು ಆಗಸ್ಟಿನಲ್ಲಿ. ಸೆಪ್ಟೆಂಬರ್ ಕೊನೆಗೆ ಫ್ರಿಪ್ ತಂಡ ಮುಗಿಯಿತೆಂದು ಘೋಷಿಸಿದರು. ಅಕ್ಟೋಬರಿನಲ್ಲಿ ಆಲ್ಬಂ ಹೊರಬಂತು. ಮತ್ತೆ ತಂಡ ಕೂಡಿದ್ದು 1981ರಲ್ಲಿ, ಬೇರೆ ರೂಪದಲ್ಲಿ.

ಆದರೆ ಒಡೆದ ಸುದ್ದಿಯನ್ನು ತಲೆಯಲ್ಲಿಟ್ಟುಕೊಂಡು ನಾವು ಈಗ ಕೇಳುತ್ತೇವೆ. ಸ್ಟುಡಿಯೊದಲ್ಲಿದ್ದ ವೆಟನ್ ಮತ್ತು ಬ್ರೂಫರ್ಡ್ ಮುಂದೆಯೂ ತಂಡ ನಡೆಯುತ್ತದೆಂದೇ ನುಡಿಸುತ್ತಿದ್ದರು. ನನಗೆ ಮುಖ್ಯವೆನಿಸುವುದು ಬೇರೆ ಸಂಗತಿ. ಆ ದಿನಗಳಲ್ಲಿ ಫ್ರಿಪ್ ತಮ್ಮ ಅಭಿಪ್ರಾಯ ಹೇಳುವುದನ್ನೇ ಬಿಟ್ಟುಬಿಟ್ಟಿದ್ದರು. ಇದು ಚೆನ್ನಾಗಿದೆ, ಇದು ಬೇಡ ಎಂಬ ಮಾತನ್ನು ಉಳಿದಿಬ್ಬರಿಗೆ ಬಿಟ್ಟು, ತಮ್ಮ ಪಾಲಿನದನ್ನು ನುಡಿಸಿದರು. ಮನೆಯ ಯಜಮಾನ ಮಾತು ಬಿಟ್ಟರೆ ಮನೆಯವರೆಲ್ಲ ಜೋರಾಗಿ ಕೆಲಸ ಮಾಡತೊಡಗುತ್ತಾರೆ. ವೆಟನ್ನರ ಬಾಸ್ ಈ ಆಲ್ಬಮಿನಲ್ಲಿ ಅಷ್ಟು ಒರಟಾಗಿ ಮುಂದೆ ಬಂದಿರುವುದಕ್ಕೆ ಇದೂ ಕಾರಣವಿರಬೇಕು ಎಂದು ನನ್ನ ಊಹೆ. ಬ್ರೂಫರ್ಡ್ ಅಂತೂ 'ಒನ್ ಮೋರ್ ರೆಡ್ ನೈಟ್‌ಮೇರ್'ನಲ್ಲಿ ಕಸದ ಬುಟ್ಟಿಯಲ್ಲಿ ಸಿಕ್ಕಿದ, ಸೊಟ್ಟಗಾದ ಸಿಂಬಲ್, ಎಂದರೆ ಡ್ರಮ್ಸಿನ ಜೊತೆ ಬಾರಿಸುವ ಲೋಹದ ತಟ್ಟೆ, ಒಂದನ್ನು ಬಾರಿಸಿದ್ದಾರೆ. ತಗಡು ಬಡಿದ ಹಾಗೆ ಕೇಳಿಸುವುದು ಅದೇ. ಅಪ್ಪನ ಗಿರಣಿಯ ಒಳಗೆ ಬಾಲ್ಯದಲ್ಲಿ ಒಮ್ಮೆ ಹೋಗಿದ್ದೆ. ಆ ಸದ್ದು ಕೇಳಿದಾಗಲೆಲ್ಲ ನನಗೆ ಮಗ್ಗದ ಸಾಲು ನೆನಪಾಗುತ್ತದೆ.

ಮೊಬೈಲಿನಲ್ಲಿ ಕೇಳಿದರೆ ಸಾಕೇ? ಯಾವ ಹಾಡಿನಿಂದ ಶುರು ಮಾಡಬೇಕು?
— ಕಿರಾಣಿ ವ್ಯಾಪಾರಿ, ಹೊಳಲ್ಕೆರೆ

ಸಾಕು, ಆದರೆ ಕಿವಿಗೆ ಹೆಡ್‌ಫೋನ್ ಇರಲಿ. ಮೊಬೈಲಿನ ಸ್ಪೀಕರಿನಲ್ಲಿ ಬಾಸ್ ಕೇಳಿಸುವುದೇ ಇಲ್ಲ, ಬಾಸ್ ಇಲ್ಲದೆ ಈ ಆಲ್ಬಂ ಇಲ್ಲ. ಒಟ್ಟು ಐದೇ ತುಣುಕುಗಳು, ನಲವತ್ತು ನಿಮಿಷ. ಮೊದಲಿನಿಂದ ಕೊನೆಯವರೆಗೆ ಅದೇ ಕ್ರಮದಲ್ಲಿ ಕೇಳಿ. ಅಂಗಡಿಯಲ್ಲಿ ಗಿರಾಕಿಗಳ ನಡುವೆ ಬೇಡ, ಬಾಗಿಲು ಹಾಕಿದ ಮೇಲೆ ಕೇಳಿ.

ನಾಲ್ಕನೆಯದು 'ಪ್ರಾವಿಡೆನ್ಸ್'. ಅಮೆರಿಕದ ಆ ಹೆಸರಿನ ಊರಿನಲ್ಲಿ 1974ರ ಜೂನ್ 30ರಂದು ವೇದಿಕೆಯ ಮೇಲೆ ಮನೋಧರ್ಮದಿಂದ ನುಡಿಸಿದ್ದು, ಕ್ರಾಸ್ ಅವರ ಪಿಟೀಲು ಅದರಲ್ಲಿದೆ. ಇಷ್ಟು ವರ್ಷವಾದರೂ ಅದು ನನಗೆ ಒಲಿದಿಲ್ಲ, ನಿಮಗೆ ಒಲಿಯಬಹುದು. ಅದು ಬಹಳ ಮೆಲ್ಲಗೆ ಶುರುವಾಗುತ್ತದೆ. ಏನೂ ಕೇಳಿಸುತ್ತಿಲ್ಲವೆಂದು ಆಗ ಧ್ವನಿ ಏರಿಸಬೇಡಿ, ಅದರ ಕೊನೆ ಮೆಲ್ಲಗಿರುವುದಿಲ್ಲ. ಹೆಡ್‌ಫೋನ್ ಕಿವಿಯಲ್ಲಿರುತ್ತದೆ.